ಶಾಮಲಳಿಗಾಗಿ ಊರು ನೋಡಿದ್ದು

ಭಿಲಾಯಿ
9-1-1984

ಭಾರತಿ,

ಅಕ್ಕನ ಆಶೀರ್ವಾದ. ಎಲ್ಲರೂ ಚೆನ್ನಾಗಿದ್ದೇವೆ ಎಂದು ಮೊದಲೇ ಬರೆದುಬಿಡುತ್ತೇನೆ. ಇಲ್ಲದಿದ್ದರೆ ನೀನು ಕೊನೆಯ ಸಾಲನ್ನು ಓದಿಕೊಂಡು ಆಮೇಲೆ ಮೇಲಕ್ಕೆ ಬರುತ್ತೀಯ.

ಶಾಮಲಳಿಗೆ ಬ್ಯಾಂಕಿನಲ್ಲಿ ಕೆಲಸವಾಗಿದೆ. ಆದೇಶ ಬಂದಿರುವುದು ನಿಮ್ಮ ಕೋಲಾರದ ಶಾಖೆಗೆ. ಅರ್ಜಿಯಲ್ಲಿ ಕರ್ನಾಟಕ ಬೇಕೆಂದು ಬರೆದವಳು ಅವಳೇ, ನಮಗೆ ಒಂದು ಮಾತು ಹೇಳದೆ. ಮಾರ್ಚ್ ಐದಕ್ಕೆ ಸೇರಬೇಕು.

ಇವರಿಗೆ ಇಷ್ಟವಿಲ್ಲ. ಇಲ್ಲಿನ ಉಕ್ಕಿನ ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ ಹುಟ್ಟಿ ಬೆಳೆದ ಹುಡುಗಿ, ಒಬ್ಬಳೇ ಅಲ್ಲಿ ಹೇಗಿರುತ್ತಾಳೆ ಎನ್ನುತ್ತಾರೆ. ರಾಯಪುರದಲ್ಲಿ ಒಂದು ಸಂಬಂಧವೂ ಬಂದಿದೆ. ಚಿಂತಾಮಣಿ ಕಡೆಯವರೇ, ಹುಡುಗ ಒಳ್ಳೆಯವನಂತೆ. ಕೆಲಸಕ್ಕೆ ಹೋಗದಿದ್ದರೆ ಯುಗಾದಿಯ ಹೊತ್ತಿಗೆ ಮದುವೆ ಮುಗಿದಿರುತ್ತದೆ. ಶಾಮಲ ಎರಡು ದಿನ ಸರಿಯಾಗಿ ಮಾತನಾಡಲಿಲ್ಲ. ಕೊನೆಗೆ ಇವರೇ, "ನಿನ್ನ ತಂಗಿ ಅಲ್ಲೇ ಇದ್ದಾಳಲ್ಲ. ಅವಳು ಕಳಿಸಿ ಅಂದ್ರೆ ಕಳಿಸೋಣ" ಎಂದರು. ಹಾಗಾಗಿ ಈಗ ಎಲ್ಲವೂ ನಿನ್ನ ಮಾತಿನ ಮೇಲೆ ನಿಂತಿದೆ.

ಒಂದು ಕೇಳಿಕೆ. ಊರಿನವಳಾಗಿ ಉತ್ತರ ಬರೆಯಬೇಡ. ಅಪ್ಪ ನಮ್ಮನ್ನು ಹುತ್ತೂರಿನಿಂದ ಗಾಡಿಯಲ್ಲಿ ಕರೆತಂದು ಮಿಷನ್ ಶಾಲೆಯ ಹಾಸ್ಟೆಲಿನಲ್ಲಿ ಬಿಟ್ಟ ಕೋಲಾರ ನನಗೆ ಬೇಡ, ಅದು ನನ್ನ ಹತ್ತಿರವೂ ಇದೆ. ಒಂದು ಶನಿವಾರ, ಭಾನುವಾರ ಹೊರಗಿನಿಂದ ಬಂದವಳ ಹಾಗೆ ಓಡಾಡಿ ನೋಡು. ಯಾರೂ ಗೊತ್ತಿಲ್ಲದ ಹುಡುಗಿಗೆ ಆ ಊರು ಹೇಗೆ ಕಾಣುತ್ತದೆ, ಬರೆ.

ನಿನ್ನ ಮಗ ಮೈಸೂರಿನ ಹಾಸ್ಟೆಲಿಗೆ ಹೋದ ಮೇಲೆ ಆ ಮುಂದಿನ ಕೋಣೆ ಖಾಲಿಯೇ ಇರಬೇಕು, ಅಲ್ಲವೇ?

ರಾಮಲಕ್ಷ್ಮಿ


ಕೋಲಾರ
17-1-1984

ಅಕ್ಕ,

ಕಾಗದ ಹಬ್ಬದ ಮರುದಿನ ಬಂತು. ಶಾಮಲಳಿಗೆ ನನ್ನ ಸಂತೋಷ ತಿಳಿಸು. ಹೇಳದೆ ಅರ್ಜಿ ಹಾಕಿದಳೆಂದು ಓದಿ ನನಗೆ ನಗು ಬಂತು. ಆಮೇಲೆ, ನಾನು ಹಾಗೆ ಏನನ್ನಾದರೂ ಮಾಡಿದ್ದೇನೆಯೇ ಎಂದು ಬಹಳ ಹೊತ್ತು ಯೋಚಿಸಿದೆ. ನೆನಪಾಗಲಿಲ್ಲ.

ನೀನು ಹೇಳಿದ್ದನ್ನು ಮಾಡುತ್ತೇನೆ, ಬರುವ ಶನಿವಾರವೇ. ಮನೆಯಿಂದ ಹೊರಟು ಸಂಜೆ ಮನೆಗೇ ಬಂದರೆ ಅದು ಪರವೂರಿನವಳ ಓಡಾಟವಾಗುವುದಿಲ್ಲ. ಅದಕ್ಕೇ ಒಂದು ರಾತ್ರಿ ಬಸ್ ಸ್ಟ್ಯಾಂಡಿನ ಹತ್ತಿರದ ಲಾಡ್ಜಿನಲ್ಲಿ ಉಳಿಯೋಣ ಎಂದುಕೊಂಡಿದ್ದೇನೆ. ಇವರಿಗೆ ಹೇಳಿದೆ. ಪೇಪರ್ ಇಳಿಸಿ ನೋಡಿ, "ಟೂರಿಸ್ಟು ಅಂದ್ರೆ ಕ್ಯಾಮೆರಾ ಬೇಕಲ್ವಾ? ಹೋಗ್ಬಾ. ತಲುಪಿದ ಮೇಲೆ ಕಾರ್ಡ್ ಹಾಕು" ಎಂದು ಮತ್ತೆ ಪೇಪರ್ ಎತ್ತಿಕೊಂಡರು. ಅತ್ತೆಗೆ ಮಾತ್ರ ಇದು ಅರ್ಥವಾದಂತೆ ಕಾಣಲಿಲ್ಲ. "ಸ್ಕೂಲ್ ಕೆಲಸ ಏನಮ್ಮಾ?" ಎಂದರು. ನಾನು ಹೂಂ ಎಂದೆ.

ಮುಂದಿನ ಕೋಣೆಯಲ್ಲಿ ಮಗನ ಪುಸ್ತಕಗಳಿವೆ.

ಭಾರತಿ


ಕೋಲಾರ
24-1-1984

ಅಕ್ಕ,

ಹೋಗಿಬಂದೆ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಶನಿವಾರ ಶಾಲೆ ಮುಗಿಸಿಕೊಂಡು, ಒಂದು ಸೀರೆ, ಟವಲು ಇಟ್ಟ ಚೀಲ ಹಿಡಿದು ನೇರ ಲಾಡ್ಜಿಗೆ ಹೋದೆ. ಮ್ಯಾನೇಜರು ಎದ್ದು ನಿಂತರು. ಅವರ ಮಗಳು ನನ್ನ ಕ್ಲಾಸಿನಲ್ಲಿದ್ದಾಳೆ ಎನ್ನುವುದು ನನಗೆ ಆಗ ತಿಳಿಯಿತು.

"ಯಾರ್ಗೆ ಮೇಡಂ ರೂಮು?"

"ನನಗೇ."

"ಸಾರ್ ಹಿಂದೆ ಬತ್ತಾವ್ರಾ?"

"ಇಲ್ಲ. ನಾನೊಬ್ಬಳೇ."

ಅವರು ರಿಜಿಸ್ಟರನ್ನು ತೆರೆಯಲಿಲ್ಲ. ಮೆಲ್ಲಗೆ ಬದಿಗೆ ಸರಿಸಿದರು. "ಕೋದಂಡರಾಮಪ್ಪನೋರ ಮನೆ ಇಲ್ಲೇ ಪಿ.ಸಿ. ಬಡಾವಣೆಯಾಗೆ ಐತಲ್ಲ ಮೇಡಂ" ಎಂದರು ಇವರ ಹೆಸರು ಹಿಡಿದು, ನಾನು ದಾರಿ ತಪ್ಪಿ ಬಂದಿದ್ದೇನೆ ಎಂಬಂತೆ. ಊರು ನೋಡಬೇಕಾಗಿದೆ ಎಂದೆ. ಅವರು ಫ್ಯಾನು ಹಾಕಿ ಕೂರಿಸಿ, ಕಲರ್ ಸೋಡಾ ತರಿಸಿಕೊಟ್ಟರು. ಒಂಟಿ ಹೆಂಗಸರಿಗೆ ಕೋಣೆ ಕೊಡುವ ಪದ್ಧತಿ ಇಲ್ಲವಂತೆ. ಕೋಟೆಯಲ್ಲಿ ದೊಡ್ಡಮುನಿಯಮ್ಮ ಎಂಬಾಕೆ ಟೀಚರ್ ಟ್ರೈನಿಂಗಿನ ಹುಡುಗಿಯರಿಗೆ ಕೋಣೆ ಬಾಡಿಗೆಗೆ ಕೊಡುತ್ತಾರೆ, ಅಲ್ಲಿ ಕೇಳಿ ಎಂದರು. ಕೋಪ ಬರಬೇಕಾಗಿತ್ತೋ ಏನೋ. ನನಗೆ ಬಂದದ್ದು ನಾಚಿಕೆ. ಮೊದಲ ಅರ್ಧ ಗಂಟೆಯಲ್ಲೇ ಶಾಮಲಳಿಗೆ ಉಪಯೋಗವಾಗುವ ಒಂದು ಸಂಗತಿ ತಿಳಿಯಿತು ಎಂದು ಸಮಾಧಾನ ಮಾಡಿಕೊಂಡೆ.

ದೊಡ್ಡಮುನಿಯಮ್ಮ ಬಾಗಿಲಲ್ಲೇ ಹುಣಸೆಹಣ್ಣಿನ ಬೀಜ ಬಿಡಿಸುತ್ತ ಕೂತಿದ್ದರು. ವಿಧವೆ, ಅರವತ್ತರ ಆಸುಪಾಸು. ನನ್ನ ಹೆಸರು ಕೇಳಲಿಲ್ಲ. ಮಹಡಿಯ ಮೇಲಿನ ಕೋಣೆ ಖಾಲಿ ಇದೆ, ಬೀಗ ನಿಮ್ಮದು, ನಲ್ಲಿ ನೀರು ದಿನ ಬಿಟ್ಟು ದಿನ, ಬಾವಿ ಹಿಂದೆ ಇದೆ, ಬಂದು ಹೋಗುವ ಹೊತ್ತು ನನಗೆ ಹೇಳಬೇಕಾಗಿಲ್ಲ ಎಂದರು. ಕಿಟಕಿಯಿಂದ ಅಂತರಗಂಗೆಯ ಬೆಟ್ಟ ಕಾಣುತ್ತದೆ.

ಸಂಜೆ ಆರಾಗಿರಬೇಕು. ಕೆಳಗೆ ಮಾತು ಕೇಳಿಸಿತು. ಇಳಿದು ನೋಡಿದರೆ ಇವರ ಚಿಕ್ಕಪ್ಪ ಅಪ್ಪಾಜಪ್ಪನವರು, ಜೊತೆಗೆ ಹುತ್ತೂರಿನ ಇನ್ನೊಬ್ಬ ಹಿರಿಯರು. ರೇಷ್ಮೆಗೂಡು ಮಾರಲು ಮಾರ್ಕೆಟಿಗೆ ಬಂದಿದ್ದರಂತೆ. ಲಾಡ್ಜಿನವರು ಅಲ್ಲಿಗೆ ಆಳು ಓಡಿಸಿ, ನಿಮ್ಮ ಸೊಸೆ ಮನೆ ಬಿಟ್ಟು ಬಂದಿದ್ದಾರೆ ಎಂದು ಹೇಳಿಸಿದ್ದರು. ಮುನಿಸಿಕೊಂಡು ಹೋದ ಸೊಸೆಯನ್ನು ಕರೆತರಲು ಹೋಗುವವರು ಬರಿಗೈಲಿ ಹೋಗುವುದಿಲ್ಲವಲ್ಲ. ಅವರ ಟವಲಿನಲ್ಲಿ ತೆಂಗಿನಕಾಯಿ, ಅರಿಶಿನ ಕುಂಕುಮದ ಪೊಟ್ಟಣ, ಒಂದು ಚಿಪ್ಪು ಬಾಳೆಹಣ್ಣು, ಎಲ್ಲವೂ ಇದ್ದವು.

"ಏನಮ್ಮಾ ಭಾರತಮ್ಮ ಇದು? ಕೋದಂಡ ಕೈ ಗೀ ಮಾಡಿದ್ನಾ?"

"ಅಯ್ಯೋ, ಇಲ್ಲ ಮಾವ."

"ಮತ್ತೆ ಅತ್ತೆ ಏನಾನ ಅಂದಳಾ? ನಮ್ ಆವಲಮ್ಮತ್ತಿಗೆ ಅಂಥೋಳಲ್ಲ."

"ಯಾರೂ ಏನೂ ಅಂದಿಲ್ಲ. ಊರು ನೋಡೋಕೆ ಬಂದೆ."

"ಯಾವೂರು?"

"ಇದೇ ಊರು."

ಅವರು ಪಕ್ಕದವರ ಕಡೆ ತಿರುಗಿ, "ಈಯಮ್ಮಕಿ ಒಂಟ್ಲೋ ಬಾಗಲೇದು" ಎಂದರು. ನನಗೆ ತೆಲುಗು ಬರುತ್ತದೆಂದು ಅವರಿಗೆ ಚೆನ್ನಾಗಿ ಗೊತ್ತು. ಆದರೂ ಎದುರಿಗಿರುವವರಿಗೆ ಮೈ ಸರಿಯಿಲ್ಲ ಎಂಬ ಮಾತನ್ನು ನಮ್ಮ ಕಡೆಯವರು ತೆಲುಗಿನಲ್ಲೇ ಆಡುವುದು, ನಿನಗೆ ನೆನಪಿರಬಹುದು.

ದೊಡ್ಡಮುನಿಯಮ್ಮ ಕೂತಲ್ಲಿಂದ ಏಳದೆ ಹೇಳಿದರು: "ಅಣ್ಣಾ, ಆಯಮ್ಮ ಜಗಳಾನೂ ಆಡಿಲ್ಲ, ಜ್ವರಾನೂ ಬಂದಿಲ್ಲ. ನಾಳೆ ಹೋಯ್ತಾಳೆ. ನೀವ್ ಆ ಬಾಳೆಹಣ್ಣು ಇಕ್ಕೋಗಿ, ಇಲ್ಲಿ ಹುಡ್ಗೀರ್ ತಿಂತಾವೆ."

ಇಟ್ಟು ಹೋದರು. ಕಾಯಿ ಮಾತ್ರ ವಾಪಸು ತೆಗೆದುಕೊಂಡು ಹೋದರು.

ಭಾನುವಾರ ಬೆಳಿಗ್ಗೆ ಅಂತರಗಂಗೆ ಹತ್ತಿದೆ. ಪ್ರತಿ ಕಾರ್ತಿಕದಲ್ಲೂ ಎಲ್ಲರೊಂದಿಗೆ ಹೋಗುತ್ತೇನೆ. ಬಸವನ ಬಾಯಿಯ ನೀರು ಹಿಡಿದು, ಕೋತಿಗಳಿಂದ ಚೀಲ ಉಳಿಸಿಕೊಂಡು ಇಳಿದುಬಿಡುತ್ತೇವೆ. ಅಲ್ಲಿಂದ ಮೇಲೆ ದಾರಿಯಿದೆ ಎಂದು ಗೊತ್ತಿತ್ತು, ಹೋಗಿರಲಿಲ್ಲ. ಈ ಸಲ ಹೋದೆ. ಬಂಡೆಗಳ ಸಂದಿನಲ್ಲಿ ಹುಲ್ಲಿನ ಹೊರೆ ಇಳಿಸಿಕೊಂಡು ಒಬ್ಬ ಮುದುಕಿ ಕೂತಿದ್ದಳು, ಕದಿರಮ್ಮ ಎಂದು. ಮೇಲಿನ ತೇರಹಳ್ಳಿಯವಳು.

"ಯಾವೂರಮ್ಮಾ?"

ನಾನು ಪರವೂರಿನವಳಲ್ಲವೇ, "ಭಿಲಾಯಿ" ಎಂದೆ.

"ಅದೆಲ್ಲಿ ಬತ್ತದೆ, ಮಾಲೂರಾಚೆನಾ?"

"ಇನ್ನೂ ಆಚೆ."

"ಅಷ್ಟ್ ದೂರದಿಂದ ಬಂದ್ರೂ ನಮ್ ಮಾತು ಸಂದಾಕ್ ಕಲ್ತಿದ್ದೀಯ ಬಿಡು. ಗಂಡ ಬರಲಿಲ್ವಾ?"

"ಮನೇಲಿದ್ದಾರೆ."

"ಒಳ್ಳೇದಾತು. ಅವ್ರನ್ನ ಕಟ್ಕಂಡು ಹತ್ತಿದ್ರೆ ಅರ್ಧ ದಾರಿಗೇ ಕಾಫಿ ಕೇಳ್ತಾರೆ."

ಮೇಲಿನಿಂದ ಊರು ಚಿಕ್ಕದಾಗಿ, ಅಚ್ಚುಕಟ್ಟಾಗಿ ಕಂಡಿತು. ನಮ್ಮ ಶಾಲೆ ಕಂಡಿತು. ನಮ್ಮ ಮನೆ ಯಾವುದೆಂದು ಗುರುತು ಹಿಡಿಯಲಾಗಲಿಲ್ಲ. ಅದು ನನಗೆ ಬೇಸರ ತರಲಿಲ್ಲ ಎನ್ನುವುದನ್ನೂ ಬರೆಯಬೇಕು. ಇಳಿದ ಮೇಲೆ ಮಧ್ಯಾಹ್ನ ಕೋಲಾರಮ್ಮನ ಗುಡಿ, ಸೋಮೇಶ್ವರನ ಗುಡಿ ನೋಡಿದೆ. ಸಂಜೆ ಕೆರೆ ಏರಿಯ ಮೇಲೆ ಕೂತಿದ್ದೆ. ನೀರಿನ ಮೇಲೆ ಬಿಸಿಲು ಇಳಿಯುವಾಗ ಬಹಳ ಚೆನ್ನಾಗಿರುತ್ತದೆ.

ಭಾವನಿಗೆ ಹೇಳು: ಶಾಮಲ ಇಲ್ಲಿ ಇರಬಲ್ಲಳು. ಜನ ಬಹಳ ವಿಚಾರಿಸುತ್ತಾರೆ, ಆದರೆ ಕೆಟ್ಟವರಲ್ಲ. ಬ್ಯಾಂಕು ಕೋಟೆಯಿಂದ ಕಾಲುನಡಿಗೆಯ ದೂರ. ದೊಡ್ಡಮುನಿಯಮ್ಮನವರ ಕೋಣೆಯನ್ನು ಮಾರ್ಚಿಗೆಂದು ಹೇಳಿಟ್ಟಿದ್ದೇನೆ. ಕಳಿಸಿ.

ಭಾರತಿ


ಭಿಲಾಯಿ
3-2-1984

ಭಾರತಿ,

ನಿನ್ನ ಕಾಗದವನ್ನು ಇವರಿಗೆ ಓದಿ ಹೇಳಿದೆ. ಲಾಡ್ಜಿನ ಕತೆಗೆ ನಕ್ಕರು. ಮುಗಿದ ಮೇಲೆ ಕೇಳಿದರು: "ತಂಗಿ ಮನೇಲಿ ಕೋಣೆ ಇರುವಾಗ ಬಾಡಿಗೆ ಕೋಣೆ ಯಾಕೆ ನೋಡಿದಳು?"



ನಾನು ಬಾಯಿಬಿಟ್ಟು ಕೇಳಲಿಲ್ಲ, ನಿಜ. ಅಕ್ಕತಂಗಿಯರ ಮಧ್ಯೆ ಅದನ್ನು ಕೇಳಬೇಕಾಗುತ್ತದೆ ಎಂದು ನನಗೆ ಹೊಳೆದಿರಲಿಲ್ಲ. ನಿನ್ನ ಅತ್ತೆಗೆ ವಯಸ್ಸಾಗಿದೆ, ನಿನಗೆ ಶಾಲೆಯಿದೆ, ಇನ್ನೊಬ್ಬರ ಊಟ ಉಪಚಾರ ಕಷ್ಟವೇ ಇರಬಹುದು. ಹಾಗೆಂದು ಬರೆದಿದ್ದರೆ ಸಾಕಾಗಿತ್ತು. ಪುಸ್ತಕಗಳಿವೆ ಎಂದು ಬರೆದೆ.

ಊರು ನೋಡಲು ಹೇಳಿದ್ದು ನಾನೇ. ಆದರೆ ನನ್ನ ಮಗಳಿಗೂ ನೀನು ಪರವೂರಿನವಳೇ ಆಗುತ್ತೀಯ ಎಂದುಕೊಂಡಿರಲಿಲ್ಲ.

ಹತ್ತೊಂಬತ್ತನೇ ತಾರೀಕು, ಭಾನುವಾರ, ರಾಯಪುರದವರು ಹೆಣ್ಣು ನೋಡಲು ಬರುತ್ತಾರೆ. ಬೇಡವೆನ್ನಲು ನನಗೆ ಕಾರಣ ಸಿಗಲಿಲ್ಲ. ಶಾಮಲ ನಿನ್ನ ಕಾಗದವನ್ನು ಕೇಳಿದಳು. ಕೊಡಲಿಲ್ಲ.

ರಾಮಲಕ್ಷ್ಮಿ


ಕೋಲಾರ
10-2-1984

ಅಕ್ಕ,

ಇದನ್ನು ಎರಡು ಸಲ ಬರೆದು ಹರಿದೆ. ಮೊದಲನೆಯದರಲ್ಲಿ ನನ್ನನ್ನು ಸಮರ್ಥಿಸಿಕೊಂಡಿದ್ದೆ. ಎರಡನೆಯದರಲ್ಲಿ ನಿನ್ನಲ್ಲಿ ಕ್ಷಮೆ ಕೇಳಿದ್ದೆ. ಎರಡೂ ಉತ್ತರವಲ್ಲ.

ಹೋದ ಕಾಗದದಲ್ಲಿ ಒಂದು ಸುಳ್ಳಿದೆ. ಭಾನುವಾರ ನಾನು ಗುಡಿಗಳಿಗೆ ಹೋಗಲಿಲ್ಲ, ಕೆರೆ ಏರಿಯ ಮೇಲೂ ಕೂರಲಿಲ್ಲ. ಬೆಟ್ಟ ಇಳಿದವಳು ಮಧ್ಯಾಹ್ನವೇ ಮನೆಗೆ ಬಂದೆ. ಯಾರೂ ಕರೆಯಲು ಬಂದಿರಲಿಲ್ಲ. ಇಳಿಯುತ್ತಿರುವಾಗ ಅತ್ತೆ ಉಂಡಿರುವುದಿಲ್ಲ ಎಂದು ನೆನಪಾಯಿತು, ಅಷ್ಟೆ.

ನಮ್ಮ ಅತ್ತೆ ಆವಲಮ್ಮನವರನ್ನು ನೀನು ನೋಡಿದ್ದೀಯ. ನನಗೆ ಇಪ್ಪತ್ತೆರಡು ವರ್ಷದಲ್ಲಿ ಒಂದು ಬಿರುಸು ಮಾತು ಆಡಿಲ್ಲ. ಆದರೆ ಮನೆಯ ಹೆಣ್ಣುಮಕ್ಕಳು ಹೊಸ್ತಿಲೊಳಗೆ ಬರುವವರೆಗೆ ಅವರು ಊಟಕ್ಕೆ ಕೂರುವುದಿಲ್ಲ. ಅವರ ಅತ್ತೆಯ ಕಾಲದಿಂದ ಬಂದ ಪದ್ಧತಿ. ಗಂಡಸರಿಗೆ ಅದು ಲೆಕ್ಕವಿಲ್ಲ, ಇವರು ಎಷ್ಟು ತಡವಾಗಿ ಬಂದರೂ ಅವರು ಉಂಡಿರುತ್ತಾರೆ. ಮದುವೆಯಾದ ಹೊಸದರಲ್ಲಿ ಗೆಳತಿಯರೊಂದಿಗೆ ಮ್ಯಾಟಿನಿಗೆ ಹೋಗಿಬಂದೆ. ಅತ್ತೆ ಮುಚ್ಚಿಟ್ಟ ಮುದ್ದೆಯ ಮುಂದೆ ಕೂತಿದ್ದರು. "ಬಂದ್ಯಾ ತಾಯಿ, ಬಾ" ಎಂದರು, ಬೇರೇನೂ ಇಲ್ಲ. ಅದಾದ ಮೇಲೆ ನಾನು ಮ್ಯಾಟಿನಿಗೆ ಹೋಗಲಿಲ್ಲ. ಸ್ಟಾಫ್ ಮೀಟಿಂಗ್ ಇದ್ದ ದಿನವೂ ನನ್ನ ಕಣ್ಣು ಗಡಿಯಾರದ ಕಡೆಗೇ. ಸಹೋದ್ಯೋಗಿಗಳು ಬೇಲೂರಿಗೆ ಹೋದರು, ಊಟಿಗೆ ಹೋದರು. ನನಗೆ ಯಾರೂ ಬೇಡವೆಂದಿರಲಿಲ್ಲ.

ಆ ಭಾನುವಾರ ಅತ್ತೆ ಹಿಂದಿನ ರಾತ್ರಿಯಿಂದ ನೀರು ಬಿಟ್ಟು ಏನನ್ನೂ ಮುಟ್ಟಿರಲಿಲ್ಲ. "ಎರಡು ಸಲ ಹೇಳ್ದೆ, ಹಸಿವಿಲ್ಲ ಅಂದ್ಲು" ಎಂದರು ಇವರು. ಅತ್ತೆ ನನ್ನನ್ನು ನೋಡಿ, "ಬಿಸಿಲಾಗೆ ಬಂದಿದ್ದೀಯ, ಕೈಕಾಲ್ ತೊಳ್ಕೋ, ಇಕ್ತೀನಿ" ಎಂದರು. ನಾವಿಬ್ಬರೂ ಕೂತು ಉಂಡೆವು. ನಾನು ಕೆರೆಯ ಮೇಲಿನ ಬಿಸಿಲನ್ನು ನಿನಗೆ ಕಲ್ಪಿಸಿ ಬರೆದೆ. ನನ್ನ ಓಡಾಟ ಅರ್ಧಕ್ಕೆ ನಿಂತಿತೆಂದು ಬರೆಯಲು ಮನಸ್ಸಾಗಲಿಲ್ಲ.

ಶಾಮಲ ನಮ್ಮ ಮನೆಗೆ ಬಂದರೆ ಅತ್ತೆ ಅವಳನ್ನು ಮೊಮ್ಮಗಳಂತೆ ನೋಡಿಕೊಳ್ಳುತ್ತಾರೆ. ಬ್ಯಾಂಕು ಮುಚ್ಚಿದ ಕೂಡಲೇ ಅವಳು ಮನೆಗೆ ಓಡಿಬರುತ್ತಾಳೆ. ಒಂದು ವರ್ಷದಲ್ಲಿ ಅವಳಿಗೂ ಮನೆ, ಬ್ಯಾಂಕು, ಮಧ್ಯದ ರಸ್ತೆ ಇಷ್ಟೇ ಕೋಲಾರವಾಗುತ್ತದೆ. ಯಾರೂ ಅವಳನ್ನು ಕಟ್ಟಿಹಾಕಿರುವುದಿಲ್ಲ, ಆದ್ದರಿಂದ ಯಾರ ಮೇಲೂ ಕೋಪ ಮಾಡಿಕೊಳ್ಳಲು ಆಗುವುದಿಲ್ಲ. ಹೇಳದೆ ಅರ್ಜಿ ಹಾಕಿದ ಹುಡುಗಿ ಅವಳು.

ಇದನ್ನು ಬರೆದರೆ ಅತ್ತೆಯನ್ನು ದೂರಿದಂತಾಗುತ್ತದೆ. ದೂರುತ್ತಿಲ್ಲ. ಅವರಿಗೆ ನಾನು ಋಣಿ. ಎರಡೂ ನಿಜವಾಗಿರಬಹುದೇ ಎಂದು ನನ್ನನ್ನೇ ಕೇಳಿಕೊಳ್ಳುತ್ತಿದ್ದೇನೆ.

ಕೋಣೆ ಇದೆ ಅಕ್ಕ. ಪುಸ್ತಕಗಳನ್ನು ಒಂದು ಗಂಟೆಯಲ್ಲಿ ಕಟ್ಟಿಡಬಹುದು. ಅಲ್ಲೇ ಇರಲಿ ಎಂದು ನೀನು ಬರೆದರೆ ಹಾಗೇ ಮಾಡುತ್ತೇನೆ. ಆದರೆ ನೀನು ಕೇಳಿದ್ದು ಹೊರಗಿನವಳ ಮಾತನ್ನು. ಹೊರಗಿನವಳಾಗಿ ಹೇಳುವುದಾದರೆ, ಅವಳನ್ನು ದೊಡ್ಡಮುನಿಯಮ್ಮನ ಮನೆಗೆ ಕಳಿಸು.

ಭಾರತಿ


ಭಿಲಾಯಿ
21-2-1984

ಭಾರತಿ,

ರಾಯಪುರದವರು ಬಂದಿದ್ದರು. ಅವಲಕ್ಕಿ, ಕಾಫಿ ಆಯಿತು. ಹುಡುಗ ನಿಜವಾಗಿಯೂ ಒಳ್ಳೆಯವನು. ಹುಡುಗನ ತಾಯಿ, "ನಮ್ಮನೇಲಿ ಸೊಸೆ ಕೆಲಸಕ್ಕೆ ಹೋದರೂ ಪರವಾಗಿಲ್ಲ, ದೀಪ ಹಚ್ಚೋ ಹೊತ್ತಿಗೆ ಬಂದರಾಯ್ತು" ಎಂದರು. ಬೇರೆ ದಿನವಾಗಿದ್ದರೆ ಎಷ್ಟು ದೊಡ್ಡ ಮನಸ್ಸು ಎಂದುಕೊಳ್ಳುತ್ತಿದ್ದೆ. ನಿನ್ನ ಕಾಗದ ಶುಕ್ರವಾರ ತಲುಪಿತ್ತು.

ಅವರು ಹೋದ ಮೇಲೆ, ಶಾಮಲ ಮೊದಲು ಕೆಲಸಕ್ಕೆ ಸೇರಲಿ, ಮದುವೆ ಆಮೇಲೆ ನೋಡೋಣ ಎಂದು ಇವರಿಗೆ ಹೇಳಿದೆ. ನಾನು ಈ ಮನೆಯಲ್ಲಿ ಹಾಗೆ ಮಾತನಾಡಿದ್ದು ಕಡಿಮೆ. ಇವರು ತಿರುಗಾಡಲು ಹೋಗಿ ಬಹಳ ಹೊತ್ತಿಗೆ ಬಂದು, "ನಿನ್ನ ತಂಗಿ ಇದ್ದಾಳೆ ಅನ್ನೋ ಧೈರ್ಯದ ಮೇಲೆ" ಎಂದರು. ಬಾಡಿಗೆ ಕೋಣೆಯ ಮಾತು ಬಿಟ್ಟುಹೋಯಿತು, ನಿನ್ನ ಮನೆಯಲ್ಲೇ ಇರುತ್ತಾಳೆ ಎಂದು ತಿಳಿದಿದ್ದಾರೆ. ಕಾಗದಗಳನ್ನು ನಿನ್ನ ವಿಳಾಸಕ್ಕೇ ಬರೆಯುತ್ತಾರೆ. ನಾನು ತಿದ್ದಲಿಲ್ಲ.

ಇನ್ನೊಂದು. ಶಾಮಲ ಟೈಪಿಂಗ್ ಕ್ಲಾಸಿನಿಂದ ಬರುವವರೆಗೆ ನಾನೂ ಉಣ್ಣುವುದಿಲ್ಲ. ಯಾರೂ ಹೇಳಿಕೊಟ್ಟದ್ದಲ್ಲ. ಅದನ್ನು ಪ್ರೀತಿ ಎಂದುಕೊಂಡಿದ್ದೆ. ನಿನ್ನ ಕಾಗದ ಓದಿದ ಮೇಲೂ ಹಾಗೆಯೇ ಅಂದುಕೊಂಡಿದ್ದೇನೆ. ಆದರೆ ಅವಳು ಮೆಟ್ಟಿಲನ್ನು ಓಡಿಕೊಂಡು ಹತ್ತುವ ಸದ್ದು ಈಗ ಬೇರೆಯಾಗಿ ಕೇಳಿಸುತ್ತದೆ.

ಒಂದನೇ ತಾರೀಕು ಇಲ್ಲಿಂದ ಹೊರಡುತ್ತಾಳೆ. ಬೆಂಗಳೂರಿಗೆ ನೀನು ಬಾ.

ರಾಮಲಕ್ಷ್ಮಿ


ಭಿಲಾಯಿ
17-3-1984

ಭಾರತಿ,

ಶಾಮಲಳ ಕಾರ್ಡು ಬಂತು. ಎಂಟು ಸಾಲು. ಕೆಲಸ ಚೆನ್ನಾಗಿದೆ, ಮ್ಯಾನೇಜರು ಒಳ್ಳೆಯವರು, ಚಿಕ್ಕಮ್ಮ ಕೊಟ್ಟ ಉಪ್ಪಿನಕಾಯಿ ಮುಗಿಯಿತು, ಭಾನುವಾರ ಇಡೀ ದಿನ ಸುತ್ತಿದೆ. ಎಲ್ಲಿ ಸುತ್ತಿದಳು, ಯಾರೊಂದಿಗೆ, ಎಷ್ಟು ಹೊತ್ತಿಗೆ ಬಂದಳು, ಒಂದೂ ಇಲ್ಲ. ಇವರು ನಾಲ್ಕು ಸಲ ಕೇಳಿದರು. ನಿನಗೆ ಗೊತ್ತಿರುತ್ತದೆ. ಆ ಭಾನುವಾರ ಅವಳು ಎಲ್ಲಿದ್ದಳು? ಕೂಡಲೇ ಬರೆ. ಇಲ್ಲಿ ಮನೆ ಬಹಳ ದೊಡ್ಡದಾದಂತಿದೆ.

ರಾಮಲಕ್ಷ್ಮಿ


ಕೋಲಾರ
24-3-1984

ಅಕ್ಕ,

ಶಾಮಲ ಚೆನ್ನಾಗಿದ್ದಾಳೆ. ಸ್ವಲ್ಪ ಕಪ್ಪಾಗಿದ್ದಾಳೆ. ಗುರುವಾರ ಸಂಜೆ ಬಂದು ಭಾವನ ಕಾಗದ ತೆಗೆದುಕೊಂಡು, ಊಟ ಮಾಡಿಕೊಂಡು ಹೋಗುತ್ತಾಳೆ. ದೊಡ್ಡಮುನಿಯಮ್ಮನವರಿಗೆ ಹಿಂದಿ ಕಲಿಸುತ್ತಿದ್ದಾಳಂತೆ. ಅವರು ಇವಳಿಗೆ ತೆಲುಗಿನ ಬೈಗುಳ ಕಲಿಸಿದ್ದಾರೆ. ಅಡುಗೆಮನೆಯಲ್ಲಿ ನನಗೆ ಎರಡು ಒಪ್ಪಿಸಿದಳು. ಉಚ್ಚಾರಣೆ ಸ್ಪಷ್ಟವಾಗಿದೆ.

ಎಲ್ಲವೂ ಸುಲಭವಾಗಿಲ್ಲ. ಅವಳು ಬೇರೆ ಕಡೆ ಇರುತ್ತಾಳೆ ಎಂದು ತಿಳಿದ ದಿನ ಅತ್ತೆ, "ಆ ಮಗೀಗೆ ನನ್ನ ಕೈ ಅಡುಗೆ ಸೇರಕ್ಕಿಲ್ವಾ?" ಎಂದು ಕೇಳಿದರು. ಬ್ಯಾಂಕು ಅಲ್ಲಿಂದ ಹತ್ತಿರ ಎಂದೆ. ಅವರು ತಲೆಯಾಡಿಸಿದರು, ನಂಬಲಿಲ್ಲ. ಅವರ ಮನಸ್ಸಿಗೆ ನೋವಾಗಿದೆ. ಅದಕ್ಕೆ ಕಾರಣ ನಾನು, ಮತ್ತು ಅದನ್ನು ಸರಿಪಡಿಸುವ ಮಾತು ನನ್ನ ಹತ್ತಿರ ಇಲ್ಲ.

ಹನ್ನೊಂದನೇ ತಾರೀಕು ಭಾನುವಾರದ ವಿಷಯ ಕೇಳಿದ್ದೀಯ. ಬೆಳಿಗ್ಗೆ ಸೊಪ್ಪು ತರುವ ನೆಪದಲ್ಲಿ ಕೋಟೆಯ ಕಡೆ ಹೋದೆ. ಕೋಣೆಗೆ ಬೀಗವಿತ್ತು. ನಾಲ್ಕು ಗಂಟೆಗೆ ಎಲೆಅಡಿಕೆಯ ನೆಪ ಮಾಡಿಕೊಂಡು ಮತ್ತೆ ಹೋದೆ. ಬೀಗ ಹಾಗೇ ಇತ್ತು. ದೊಡ್ಡಮುನಿಯಮ್ಮ ಬಾಗಿಲಲ್ಲಿ ಕೂತಿದ್ದರು. "ಏನಮ್ಮಾ, ಇವತ್ತೂ ಊರು ನೋಡ್ತಾ ಇದ್ದೀಯಾ?" ಎಂದರು. ಕೇಳಿದ್ದರೆ ಹೇಳುತ್ತಿದ್ದರೋ ಏನೋ. ಕೇಳಲಿಲ್ಲ. ವಾಪಸು ಬಂದು ನಮ್ಮ ಗೇಟಿನ ಹತ್ತಿರ ಎಷ್ಟು ಹೊತ್ತು ನಿಂತಿದ್ದೆನೆಂದರೆ, ಇವರು ಯಾರಾದರೂ ಬರುವವರಿದ್ದಾರೆಯೇ ಎಂದು ಕೇಳಿದರು.

ಮರುದಿನ ಸಂಜೆ ಶಾಮಲ ನಮ್ಮ ಶಾಲೆಯ ಹತ್ತಿರ ಸಿಕ್ಕಳು. ಚಪ್ಪಲಿಯ ಪಟ್ಟಿಗೆ ಹೊಸ ಹೊಲಿಗೆ ಬಿದ್ದಿತ್ತು. ಮೊಣಕೈ ತರಚಿತ್ತು. ಮುಖ ನೋಡಿದರೆ ಬಹಳ ಸಂತೋಷದಲ್ಲಿದ್ದಾಳೆ ಎಂದು ತಿಳಿಯುತ್ತಿತ್ತು. ನಾವು ಬಸ್ ಸ್ಟ್ಯಾಂಡಿನವರೆಗೆ ಜೊತೆಯಲ್ಲಿ ನಡೆದೆವು. ಅವಳು ಹೇಳಬಹುದೆಂದು ಕಾದೆ. ಅವಳು ಬೇರೆ ಏನೇನೋ ಹೇಳಿದಳು.

ಅವಳು ಎಲ್ಲಿದ್ದಳೆಂದು ನನಗೆ ಗೊತ್ತಿಲ್ಲ ಅಕ್ಕ. ಭಾವನಿಗೆ ಹಾಗೆಯೇ ಹೇಳು.

ಭಾರತಿ